ಹನ್ನೆರಡನೇ ಸೀಟಿನ ಕೆಂಪು ದೀಪ

ಪ್ರಯಾಣಿಕರಲ್ಲಿ ಯಾರೊಬ್ಬರ ನಾಡಿ ತೊಂಬತ್ತು ದಾಟಿದರೂ ಸಾಕು, ಅವರ ಸೀಟಿನ ಕೆಂಪು ದೀಪ ಹೊತ್ತುತ್ತದೆ, ಬಸ್ಸು ಹೊರಡುವುದಿಲ್ಲ. ಬೀಳಗಿ ನಿಲ್ದಾಣದಲ್ಲಿ ಅಂದು ಹನ್ನೆರಡನೇ ಸೀಟಿನ ಕೆಂಪು ದೀಪ ಆರುತ್ತಲೇ ಇರಲಿಲ್ಲ. ಅದು ಕಸ್ತೂರೆವ್ವನ ಸೀಟು. ನಾಡಿ ನೂರಾ ಹದಿನಾಲ್ಕು. ಹನ್ನೊಂದಕ್ಕೆ ಬಾಗಲಕೋಟೆಯಲ್ಲಿ ಗಂಡನ ಆಪರೇಷನ್. ಅವಳ ಸಹಿಯಿಲ್ಲದೆ ಡಾಕ್ಟರು ಕೈಹಚ್ಚುವುದಿಲ್ಲ. ಆಗಲೇ ಹತ್ತಾಗಿತ್ತು, ದಾರಿ ಮುಕ್ಕಾಲು ಗಂಟೆಯದು.

“ಕಣ್ಣಿಗೆ ಕಾಣೋವು ಐದು ಹೇಳ್ರಿ ಅಕ್ಕಾರ,” ಎಂದ ಕಂಡಕ್ಟರ್ ಮೈಬೂಬ, ನಾಡಿ ಇಳಿಸುವ ದಿನದ ರೂಢಿಯಂತೆ.

“ಕಿಟಕಿ, ಚೀಲ, ನಿಮ್ಮ ಕನ್ನಡಕ, ಗಡಿಯಾರ...” ಗಡಿಯಾರ ಎನ್ನುತ್ತಲೇ ನಾಡಿ ನೂರಾ ಇಪ್ಪತ್ತಕ್ಕೇರಿತು.

“ಇಳಿಸ್ರಿ ಆಕಿನ್ನ, ನಮಗೂ ಕೆಲಸ ಅದಾವು,” ಎಂದು ಹಿಂದಿನಿಂದ ಯಾರೋ ಗೊಣಗಿದರು.

ಪಕ್ಕದ ಮುದುಕಿ ಸೂಜಿ, ದಾರ ಚಾಚಿದಳು. “ನನಗ ಕಣ್ಣು ಕಾಣಂಗಿಲ್ಲವ್ವಾ, ಇದನ್ನೊಂದೀಟು ಪೋಣಿಸಿಕೊಡು.”

ಬೇಡವೆನ್ನಲಾಗದೆ ಕಸ್ತೂರೆವ್ವ ತೆಗೆದುಕೊಂಡಳು. ಎರಡು ಸಲ ತಪ್ಪಿತು. ದಾರದ ತುದಿಗೆ ಎಂಜಲು ಹಚ್ಚಿ ಹೊಸೆದು, ಸೂಜಿಯ ಕಣ್ಣನ್ನೇ ನೋಡುತ್ತ ಕುಳಿತಳು. ಮೂರನೆಯ ಸಲ ದಾರ ಒಳಹೋಯಿತು. ತಲೆಯೆತ್ತಿದಾಗ ದೀಪ ಆರಿತ್ತು, ಬಸ್ಸು ಊರ ಹೊರಗಿನ ಪೆಟ್ರೋಲ್ ಬಂಕ್ ದಾಟುತ್ತಿತ್ತು.

ಮುದುಕಿ ಸೂಜಿ ಇಸಿದುಕೊಂಡು, ಪೋಣಿಸಿದ ದಾರವನ್ನು ಮೆಲ್ಲಗೆ ಎಳೆದು ತೆಗೆದಳು.

“ಅಯ್ಯ, ಯಾಕಬೇ?”

“ಮುಂದಿನ ಸ್ಟಾಪಿನ್ಯಾಗೂ ಮಂದಿ ಹತ್ತತಾರವ್ವಾ.”