ಮೊಟ್ಟೆ ಡಬ್ಬಿಯ ನಾಣ್ಯ

ಡಬ್ಬಿಯ ಮುಚ್ಚಳ ತೆರೆದದ್ದೇ ತಡ, ನಾಣ್ಯ ಪರೀಕ್ಷಕ ಮೂಗು ಮುಚ್ಚಿಕೊಂಡ. ಬೇಯಿಸಿ ಹಿಸುಕಿದ ಮೊಟ್ಟೆ, ಮೂರು ದಿನದ್ದಾದರೂ ಇರಬೇಕು. ಅದರ ಮಧ್ಯೆ ಕಾಗದದ ಚೂರಿನ ಮೇಲೆ ಒಂದು ಬೆಳ್ಳಿ ನಾಣ್ಯ. ಅಂಚು ಆಗಲೇ ನೀಲಿಗೆ ತಿರುಗುತ್ತಿತ್ತು.

ರಿಪೇರಿಗೆ ಕೊಟ್ಟಿದ್ದ ಗೋಡೆ ಗಡಿಯಾರ ತರಲೆಂದು ಅವನು ಹೆಂಡತಿಯ ಅಣ್ಣನ ಅಂಗಡಿಗೆ ಬಂದಿದ್ದ. "ನೀವ್ಯಾಕೆ ಹೋಗ್ತೀರಿ, ನಾನೇ ತರ್ತೀನಿ" ಎಂದು ಹೆಂಡತಿ ಎರಡು ಸಲ ಹೇಳಿದ್ದಳು. ಈಗ ಅರ್ಥವಾಯಿತು. ಅಣ್ಣನ ಕಳ್ಳಕಸುಬು ಅವಳಿಗೂ ಗೊತ್ತು!

ಮೊಟ್ಟೆಯ ಗಂಧಕ ಬೆಳ್ಳಿಗೆ ಬಣ್ಣ ಹತ್ತಿಸುತ್ತದೆ. ಐವತ್ತು ವರ್ಷದಲ್ಲಿ ಬರಬೇಕಾದ್ದು ಐದು ದಿನದಲ್ಲಿ ಬರುತ್ತದೆ, ಹಳೇ ಬಣ್ಣವೆಂದು ಬೆಲೆಯೂ ಏರುತ್ತದೆ. ಇಂಥ ಸುಳ್ಳು ಬಣ್ಣದವರನ್ನು ಹಿಡಿದು ನಾಣ್ಯ ಸಂಗ್ರಾಹಕರ ಸಂಘದಿಂದ ಹೊರಹಾಕಿಸುವುದೇ ಅವನ ಕೆಲಸ. ನೋಡಿದರೆ ಮನೆಯವರಲ್ಲೇ ಒಬ್ಬ.

"ಥೂ! ಇದನ್ನ ಯಾರ ತಲೆಗೆ ಕಟ್ಟೋಕೆ ಭಾವ?"

"ಮಾರೋಕಲ್ಲ." ಭಾವ ಗಾಬರಿಯಿಂದ ಎದ್ದು ನಿಂತ. "ಅದು ನಂದೂ ಅಲ್ಲ. ಮುಚ್ಚಿಡಿ, ಕೈ ಮುಗೀತೀನಿ."

"ಮತ್ತೆ ಯಾರದು?"

"ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ."

"ಓಹೋ, ಇದಕ್ಕೊಂದು ಮಾತು ಬೇರೆ! ನಮ್ಮಪ್ಪನ ನಾಣ್ಯ ನೋಡಿದ್ದೀರಲ್ಲ? ಬಣ್ಣ ಅಂದ್ರೆ ಅದು. ಅವರ ಮೇಜಿನ ಖಾನೇಲಿ ತಾನಾಗೇ ಕೂತು ಬಂದ ಕಪ್ಪು ನೀಲಿ. ಅಪ್ಪ ಅಂತ ನನಗೆ ಉಳಿದಿರೋದು ಅದೊಂದೇ."

ಭಾವನ ಮುಖ ಕಪ್ಪಿಟ್ಟಿತು. ತಪ್ಪಿತಸ್ಥರ ಮುಖ ಹೀಗೇ ಆಗುತ್ತದೆಂದು ಪರೀಕ್ಷಕನಿಗೆ ಇಪ್ಪತ್ತು ವರ್ಷದಿಂದ ಗೊತ್ತು. ನಾಣ್ಯವನ್ನು ತಿರುಗಿಸಿ ನೋಡಲೂ ಅಸಹ್ಯವಾಯಿತು. ಎರಡೇ ಬೆರಳಲ್ಲಿ ಡಬ್ಬಿಯನ್ನೆತ್ತಿ, ಬಾಗಿಲಾಚೆ ತುಂಬಿ ಹರಿಯುತ್ತಿದ್ದ ಚರಂಡಿಗೆ ಸುರಿದುಬಿಟ್ಟ.

"ಅಯ್ಯಯ್ಯೋ!" ಭಾವ ಓಡಿ ಬಂದು, ಮಂಡಿಯೂರಿ, ಮೊಣಕೈವರೆಗೂ ಕೊಳಚೆಯೊಳಗೆ ಕೈಯಿಟ್ಟ. ಎಷ್ಟು ತಡಕಿದರೂ ಬರೀ ಕೆಸರು ಬಂತು. ದುಡ್ಡಿನಾಸೆಗೆ ಮನುಷ್ಯ ಇಷ್ಟು ಹೇಸಿಗೆಗೆ ಇಳಿಯುವುದೇ ಎಂದುಕೊಂಡು ಪರೀಕ್ಷಕ ಮುಖ ತಿರುಗಿಸಿ ನಡೆದ. ಗಡಿಯಾರವೂ ಬೇಡವಾಯಿತು.

ಮನೆಗೆ ಬಂದು, ಸೋಪು ಹಚ್ಚಿ ಮೂರು ಸಲ ಕೈ ತೊಳೆದು, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೆಂಡತಿಗೆ ಹೇಳಿದ. "ನಿಮ್ಮಣ್ಣನ ಘನಕಾರ್ಯ ಚರಂಡಿ ಪಾಲಾಯ್ತು."

ಅವಳು ತಲೆ ಮೇಲೆ ಕೈ ಇಟ್ಟುಕೊಂಡು ಹೇಳಿದಳು:

"ಮಾವನವರ ನಾಣ್ಯ ಕಪ್ಪುಗಟ್ಟಿದೆ ಅಂತ ಹಲ್ಲುಪುಡಿ ಹಾಕಿ ತಿಕ್ಕಿ ಬೆಳ್ಳಗೆ ಮಾಡಿಬಿಟ್ಟಿದ್ದೆ ರೀ... ನಿಮಗೆ ಗೊತ್ತಾಗೋದ್ರೊಳಗೆ ಹಳೇ ಬಣ್ಣ ಬರಿಸಿಕೊಡು ಅಂತ ಅಣ್ಣನಿಗೆ ನಾನೇ ಕೊಟ್ಟಿದ್ದೆ."