ಹನ್ನೆರಡು ಜೋಡಿ ಪದಗಳು

ಗಾಯ ಮಾಯುವುದಕ್ಕೆ ‘ಹೀಲ್’ ಎನ್ನಬೇಕೋ ‘ಕ್ಯೂರ್’ ಎನ್ನಬೇಕೋ ಎಂಬ ಘನವಾದ ಪ್ರಶ್ನೆಯ ಮೇಲೆ ಆ ಬೆಳಿಗ್ಗೆ ಒಂದು ಇಡೀ ಕುಟುಂಬದ ಭವಿಷ್ಯ ನಿಂತಿತ್ತು.

ಆ ಭವಿಷ್ಯವನ್ನು ಹೊತ್ತು ಕಂಪ್ಯೂಟರಿನ ಮುಂದೆ ಕುಳಿತವಳು ಮನೆಯ ಸೊಸೆ, ನರ್ಸು. ನಲವತ್ತು ಪ್ರಶ್ನೆಗಳ ಇಂಗ್ಲಿಷ್ ಪರೀಕ್ಷೆ. ಮೂವತ್ತು ಅಂಕ ಬಂದರೆ ಹೊರದೇಶದ ಆಸ್ಪತ್ರೆಯಲ್ಲಿ ಐದು ವರ್ಷ ಕೆಲಸ. ಹದಿನೈದು ದಿನದಲ್ಲಿ ಒಬ್ಬಳೇ ಹೊರಡಬೇಕು. ಅವಕಾಶ ಮೂರೇ ಸಲ. ಮೊದಲ ಸಲ ಇಪ್ಪತ್ತೆಂಟು, ಎರಡನೆಯ ಸಲ ಇಪ್ಪತ್ತೊಂಬತ್ತು. ಇದು ಮೂರನೆಯದು.

ಮಾವ ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಮೂರು ವರ್ಷದ ಮೊಮ್ಮಗಳನ್ನು ಹೆಗಲೇರಿಸಿಕೊಂಡು ಪರೀಕ್ಷಾ ಕೇಂದ್ರದ ಬಾಗಿಲ ತನಕ ಬಂದಿದ್ದರು. “ಬೇರೆಲ್ಲ ನಿನಗೆ ನೀರು ಕುಡಿದಷ್ಟು ಸಲೀಸು. ಈ ಅವಳಿ-ಜವಳಿ ಪದಗಳೇ ಪ್ರತಿ ಸಲ ಕೈ ಕೊಡೋದು. ಈ ಸಲವಾದ್ರೂ ನನ್ನ ಮಾನ ಉಳಿಸಮ್ಮ.”

“ಈ ಸಲ ತುಂಬಾ ಹುಷಾರಾಗಿರ್ತೀನಿ ಮಾವ.”

ಮಗಳು ಅವಳ ಕೈಚೀಲದ ಪಟ್ಟಿ ಬಿಡಲಿಲ್ಲ. “ಎಷ್ಟೊತ್ತಿಗೆ ಬರ್ತೀಯಮ್ಮಾ?”

“ಒಂದೇ ಗಂಟೆ, ಪುಟ್ಟಿ.”

ಇಪ್ಪತ್ತೆಂಟು ಪ್ರಶ್ನೆಗಳು ಕಾಲು ಗಂಟೆಯಲ್ಲಿ ಮುಗಿದವು. ಉಳಿದವು ಹನ್ನೆರಡು ಜೋಡಿ ಪದಗಳು. ಒಮ್ಮೆ ಒತ್ತಿದರೆ ಒತ್ತಿದಂತೆಯೇ, ಹಿಂದಕ್ಕೆ ಹೋಗುವಂತಿಲ್ಲ.

ಮೊದಲನೆಯದು ಗಾಯದ್ದು. ವಾರ್ಡಿನಲ್ಲಿ ದಿನಕ್ಕೆ ಹತ್ತು ಸಲ ಬರೆಯುವ ಪದ. ಬೆರಳು ಯೋಚಿಸದೆ ‘ಹೀಲ್’ ಒತ್ತಿಬಿಟ್ಟಿತು. ಅವಸರ ಮಾಡಬಾರದಿತ್ತು.

ಮುಂದಿನ ಹತ್ತರಲ್ಲಿ ಅವಸರ ಮಾಡಲಿಲ್ಲ. ‘ಬ್ರಿಂಗ್’ ಮತ್ತು ‘ಟೇಕ್’ ಬಂದಾಗ, ಮಾವ ಚಮಚವನ್ನು ಅಡುಗೆಮನೆಗೂ ಜಗಲಿಗೂ ಒಯ್ದು ತಂದು ಬೆವರಿಳಿಸಿಕೊಂಡದ್ದು ನೆನಪಾಯಿತು. ಪ್ರತಿಯೊಂದನ್ನೂ ಹೀಗೆ ನೆನೆದು, ತೂಗಿ, ಮತ್ತೆ ತೂಗಿ, ಒತ್ತಿದಳು.

ಹನ್ನೆರಡನೆಯದು: ‘ಕಂಟಿನ್ಯುಯಲ್’, ‘ಕಂಟಿನ್ಯುಯಸ್’. ಮಗು ಇಡೀ ದಿನ ಒಂದು ಕ್ಷಣವೂ ನಿಲ್ಲಿಸದೆ ಅತ್ತಿತಂತೆ. ಒಂದು ಪದ ನಡುವೆ ನಿಂತು ನಿಂತು ಆಗುವುದಕ್ಕೆ, ಇನ್ನೊಂದು ಬಿಡದೆ ಆಗುವುದಕ್ಕೆ. ಯಾವುದು ಯಾವುದಕ್ಕೆ? ತಲೆ ಖಾಲಿ. ಇನ್ನು ಇಪ್ಪತ್ತು ಸೆಕೆಂಡು. ‘ದೇವರೇ, ಇದೊಂದು ನಡೆಸಿಕೊಡು’ ಎಂದು ಕಣ್ಣು ಮುಚ್ಚಿ ಒತ್ತಿದಳು.

ಗುಮಾಸ್ತ ಕಿಟಕಿಯಿಂದ ಚೀಟಿ ಚಾಚಿದ. ಇಪ್ಪತ್ತೊಂಬತ್ತು: ಮೊದಲ ಭಾಗಕ್ಕೆ ಇಪ್ಪತ್ತೆಂಟು, ಜೋಡಿ ಪದಗಳಿಗೆ ಒಂದು.

ಮಾವ ಬೆಂಚಿನ ಮೇಲೆ ಕುಸಿದರು. “ಅಯ್ಯೋ ಕರ್ಮವೇ, ಒಂದೇ ಒಂದು! ಹನ್ನೆರಡಕ್ಕೆ ಒಂದೇ ಸರಿನಾ? ನಿನ್ನೆ ಗಿಣಿ ಥರ ಒಪ್ಪಿಸಿದ್ಯಲ್ಲಮ್ಮ!”

“ಅಲ್ಲಿ ಕೂತ್ರೆ ಎಲ್ಲ ಒಂದೇ ಥರ ಕಾಣ್ತವೆ ಮಾವ.” ಅವಳ ಕಣ್ಣಲ್ಲಿ ನೀರು ದಳದಳ ಇಳಿಯಿತು.

‘ನಾನು ಹೋಗಲ್ಲ’ ಎಂದು ಮನೆಯಲ್ಲಿ ಹೇಳಿ ಹೇಳಿ ಸೋತವಳಿಗೆ, ಮಾವನ ಕಣ್ಣಿಗೆ ಬೀಳದಂತೆ ತಪ್ಪು ಮಾಡಲು ಇಡೀ ಪರೀಕ್ಷೆಯಲ್ಲಿ ಇದ್ದದ್ದು ಆ ಹನ್ನೆರಡೇ ಜಾಗ: ಒಂದು ಕೈತಪ್ಪಿ ಸರಿಯಾಯಿತು, ಹತ್ತನ್ನು ತಿಳಿದೇ ತಪ್ಪಿಸಿದಳು, ಕೊನೆಯದು ಅವಳ ಪುಣ್ಯಕ್ಕೆ ತಪ್ಪಾಯಿತು. ಕೆಲಸ ಬೇರೆ ಯಾರಿಗೋ ಹೋಯಿತು.