ಪುಕ್ಕಟೆ ಓದು

ಇಡೀ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಲೇಖನ ಬರೆಯುವ ಚಟವಿದ್ದದ್ದು ವಾರಿಜಾ ಮೇಡಂ ಒಬ್ಬರಿಗೇ. ಜರ್ನಲ್‌ಗಳು ಎಲ್ಲರಿಗೂ ಪುಕ್ಕಟೆ ಓದಲು ಸಿಗಬೇಕೆಂದು ಅವರು ವರ್ಷಗಟ್ಟಲೆ ಗುದ್ದಾಡಿದ್ದರು. ಕೊನೆಗೂ ಪ್ರಕಾಶನದವನೊಬ್ಬ ಹೊಸ ಒಪ್ಪಂದ ಹಿಡಿದು ಸಭೆಗೆ ಬಂದ.

"ಇನ್ನು ಓದೋದಕ್ಕೆ ನಯಾಪೈಸೆ ಕೊಡಬೇಕಾಗಿಲ್ಲ ಸರ್. ನಿಮ್ಮವರು ಬರೆದದ್ದನ್ನ ಪ್ರಕಟಿಸೋದಕ್ಕೆ ಮಾತ್ರ, ಒಂದು ಲೇಖನಕ್ಕೆ ವಿಶ್ವವಿದ್ಯಾಲಯ ಎರಡು ಲಕ್ಷ ಕೊಡಬೇಕು."

"ನಮ್ಮವರು ಯಾರೂ ಬರೀಲೇ ಇಲ್ಲ ಅಂದ್ರೆ?" ಕುಲಪತಿಗಳು ಕೇಳಿದರು.

ಅವನು ತಬ್ಬಿಬ್ಬಾದ. "ಆಗ... ಏನೂ ಕೊಡಬೇಕಾಗಿಲ್ಲ ಸರ್."

ಸಭೆಯ ಕಣ್ಣೆಲ್ಲ ಮೇಡಂ ಕಡೆ ಹೊರಳಿತು.

"ನಿಮ್ಮ ಹೋರಾಟ ಸಾರ್ಥಕವಾಯ್ತು ಮೇಡಂ!" ಕುಲಪತಿಗಳೇ ಎದ್ದು ಬಂದು ಶಾಲು ಹೊದಿಸಿ ಹಾರ ಹಾಕಿದರು. ಮೇಡಂ ಕಣ್ಣು ತುಂಬಿ ಬಂತು.

ಹಾರ ಬಾಡುವ ಮೊದಲೇ ಆದೇಶ ಕೈಸೇರಿತು: ನಾಲ್ಕೂ ಹಾಸ್ಟೆಲ್‌ಗಳ ವಾರ್ಡನ್‌ಗಿರಿ, ಜೊತೆಗೆ ಪರೀಕ್ಷಾ ವಿಭಾಗ, ಇನ್ನು ಮೇಲೆ ಮೇಡಂ ಹೊಣೆ.